ಜೇಬಿನ ಯಂತ್ರಕ್ಕೆ ಯಜಮಾನರು ಯಾರು?

ನಮ್ಮ ಗಿರಣಿ ಕಾರ್ಮಿಕರ ಜೇಬಿನಲ್ಲಿಯೂ ಸಣ್ಣ ವ್ಯಾಪಾರಿಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿಯೂ ಇಂದು ಸ್ಮಾರ್ಟ್‌ಫೋನ್ ಇದೆ. ಅನೇಕರು ಕಂತು ಕಟ್ಟಿ ಕೊಂಡದ್ದು. ಅದರಿಂದ ನಾವು ಮಾಡಿಸಿಕೊಳ್ಳುತ್ತಿರುವ ಕೆಲಸವಾದರೂ ಏನು? ಮಾತು, ಹಣ ಪಾವತಿ, ಉಳಿದ ಹೊತ್ತೆಲ್ಲ ಪರರ ಜಾಹೀರಾತು. ಎತ್ತನ್ನು ಕೊಂಡು ತಂದು ಕೊಟ್ಟಿಗೆಯಲ್ಲಿ ಕಟ್ಟಿ ಮೇಯಿಸಿದರೆ ಹೊಲ ಉತ್ತಂತಾಗುವುದೇ?

ಆಂಡ್ರಾಯ್ಡ್ ಫೋನು ಒಂದು ಪೂರ್ಣ ಕಂಪ್ಯೂಟರೇ ಸರಿ. ಅದರ ತಿರುಳು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿ, ಸಾವಿರಾರು ಮಂದಿ ಕೂಡಿ ಬೆಳೆಸಿದ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಸ್ವತ್ತು ಅದು. ಕಂಪ್ಯೂಟರಿಗೆ ಅಕ್ಷರಗಳಲ್ಲಿ ಆಜ್ಞೆ ಕೊಡುವ ಬಾಗಿಲಿಗೆ ಟರ್ಮಿನಲ್ ಎನ್ನುತ್ತಾರೆ. ಫೋನಿನಲ್ಲಿ ಆ ಬಾಗಿಲನ್ನು ತೆರೆಯುವ ಟರ್ಮಕ್ಸ್ ಎಂಬ ಆ್ಯಪ್ ಎಫ್-ಡ್ರಾಯ್ಡ್ ತಾಣದಲ್ಲಿ ಕಾಸಿಲ್ಲದೆ ದೊರೆಯುತ್ತದೆ.

ಇದರಿಂದ ಕಾರ್ಮಿಕನಿಗೇನು? ದಿನವೂ ತಾರೀಖು, ದುಡಿದ ಗಂಟೆ, ಓಟಿ ಗಂಟೆ ಎಂದು ಒಂದು ಸಾಲು ಬರೆದಿಡಲಿ. ತಿಂಗಳ ಕೊನೆಗೆ ‘ಆಕ್’ ಎಂಬ ಉಪಕರಣಕ್ಕೆ ಒಂದು ಸಾಲಿನ ಆಜ್ಞೆ ಕೊಟ್ಟರೆ ಒಟ್ಟು ಮೊತ್ತ ಕಣ್ಣೆದುರು ನಿಲ್ಲುತ್ತದೆ. ಓಟಿಗೆ ದುಪ್ಪಟ್ಟು ದರವನ್ನು 1948ರ ಕಾರ್ಖಾನೆ ಕಾಯಿದೆಯೇ ವಿಧಿಸಿತ್ತು. ಆದರೆ ಗಂಟೆಗಳ ಲೆಕ್ಕ ಕಚೇರಿಯ ಪುಸ್ತಕದಲ್ಲಿ ಮಾತ್ರ ಇದ್ದರೆ ದುಪ್ಪಟ್ಟು ಯಾವುದರ ದುಪ್ಪಟ್ಟು? ತನ್ನ ಲೆಕ್ಕ ತನ್ನ ಕೈಯಲ್ಲಿರುವವನು ಸಂಬಳದ ಚೀಟಿಯನ್ನು ತಾಳೆ ನೋಡಿ ಧೈರ್ಯವಾಗಿ ಕೇಳಬಲ್ಲ.

ವ್ಯಾಪಾರಿಗೆ ಉದ್ರಿ ಲೆಕ್ಕವಿದೆ. ‘ಗ್ರೆಪ್’ ಎಂದು ಬರೆದು ಗಿರಾಕಿಯ ಹೆಸರು ಕೊಟ್ಟರೆ ವರ್ಷದ ಲೆಕ್ಕದಲ್ಲಿ ಆ ಹೆಸರಿನ ಸಾಲುಗಳಷ್ಟೇ ಹೊರಬರುತ್ತವೆ. ‘ಇಮೇಜ್‌ಮ್ಯಾಜಿಕ್’ ನೂರು ಬಿಲ್ಲುಗಳ ಚಿತ್ರಗಳನ್ನು ಒಂದೇ ಆಜ್ಞೆಗೆ ಕಿರಿದು ಮಾಡುತ್ತದೆ. ‘ಕ್ಯೂಪಿಡಿಎಫ್’ ಬಿಡಿ ಪಿಡಿಎಫ್ ಕಾಗದಗಳನ್ನು ಒಂದು ಕಟ್ಟಾಗಿ ಹೊಲಿಯುತ್ತದೆ. ಒಮ್ಮೆ ಇವನ್ನು ಇಳಿಸಿಕೊಂಡ ಮೇಲೆ ಇಂಟರ್ನೆಟ್ಟಿನ ಹಂಗೂ ಇಲ್ಲ.

ಇದಕ್ಕೆಲ್ಲ ಸಿದ್ಧ ಆ್ಯಪ್‌ಗಳಿಲ್ಲವೇ ಎಂದು ಕೇಳುವವರುಂಟು. ಇವೆ. ಆದರೆ ಅಂಥ ಎಷ್ಟೋ ಆ್ಯಪ್‌ಗಳಲ್ಲಿ ನಮ್ಮ ಲೆಕ್ಕ ಪರರ ಸರ್ವರಿನಲ್ಲಿ ಕೂರುತ್ತದೆ. ಅವರು ಅಂಗಡಿ ಮುಚ್ಚಿದ ದಿನ ನಮ್ಮ ಉದ್ರಿ ಪುಸ್ತಕವೂ ಒಳಗೇ ಉಳಿದೀತು.

ಆಜ್ಞೆಗಳೆಲ್ಲ ಇಂಗ್ಲಿಷ್ ಅಕ್ಷರದವು ಎಂಬ ಅಡ್ಡಿಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಸ್ಪಿಂಡಲ್, ಬಾಬಿನ್‌ಗಳನ್ನು ಶಾಲೆಯಲ್ಲಿ ಕಲಿಯದೆ ಕೈಯಿಂದಲೇ ಕಲಿತವರಿಗೆ ಹತ್ತು ಪದಗಳು ಭಾರವಲ್ಲ.

ಎರಡು ಎಚ್ಚರಿಕೆ ಮಾತ್ರ ಅಗತ್ಯ. ಅರ್ಥವಾಗದ ಆಜ್ಞೆಯನ್ನು ಅಪರಿಚಿತರು ಹೇಳಿದರೆಂದು ಒತ್ತಬಾರದು. ‘ಆರ್‌ಎಂ’ ಎಂಬ ಎರಡಕ್ಷರ ಅಳಿಸಿದ್ದು ಮತ್ತೆ ಬರುವುದಿಲ್ಲ. ಟರ್ಮಕ್ಸನ್ನು ತೆಗೆದುಹಾಕಿದರೆ ಅದರೊಳಗಿನ ಕಡತಗಳೂ ಹೋಗುತ್ತವೆ. ಆದ್ದರಿಂದ ಲೆಕ್ಕದ ಒಂದು ಪ್ರತಿ ಯಾವಾಗಲೂ ಬೇರೆಡೆ ಇರಲಿ.

ಬಲ್ಲ ಯುವಕರು ಸಂಘದ ಕಚೇರಿಯಲ್ಲಿ ವಾರಕ್ಕೊಂದು ಸಂಜೆ ಕುಳಿತು ಉಳಿದವರಿಗೆ ಇದನ್ನು ಕಲಿಸಬೇಕೆಂದು ನಮ್ಮ ವಿನಂತಿ. ಮೊದಲ ಪಾಠ ಓಟಿಯ ಲೆಕ್ಕವೇ ಆಗಲಿ.