ಗೃಹಾರೋಗ್ಯ: ನಿರೋಗಿಯ ಗುಳಿಗೆ

ದಂಪತಿಗಳಲ್ಲಿ ಒಬ್ಬರ ರಕ್ತದಲ್ಲಿ ಎಚ್.ಐ.ವಿ. ಸೋಂಕಿದ್ದು ಇನ್ನೊಬ್ಬರು ನಿರೋಗಿಗಳಾಗಿರುವುದುಂಟು. ಅಂಥ ಮನೆಯಲ್ಲಿ ನಿರೋಗಿಯು ದಿನಕ್ಕೊಂದು ಗುಳಿಗೆ ಸೇವಿಸಿ ಸೋಂಕನ್ನು ತಡೆಯಬಹುದೆಂದರೆ ವಾಚಕರಲ್ಲಿ ಅನೇಕರು ಮೂಗಿನ ಮೇಲೆ ಬೆರಳಿಟ್ಟಾರು. ಜಾಡ್ಯವಿಲ್ಲದವರಿಗೆ ಮದ್ದೇಕೆ?

ಗುಳಿಗೆಯ ಗುಣದಲ್ಲಿ ಸಂಶಯಕ್ಕೆಡೆಯಿಲ್ಲ. ಆಫ್ರಿಕಾ ಖಂಡದ ಕೀನ್ಯಾ ಮತ್ತು ಉಗಾಂಡಾ ದೇಶಗಳಲ್ಲಿ ಇಂಥ 4,700ಕ್ಕೂ ಹೆಚ್ಚು ದಂಪತಿಗಳೊಡನೆ ನಡೆದ ಪರೀಕ್ಷೆಯಲ್ಲಿ, ಟೆನೊಫೊವಿರ್ ಮತ್ತು ಎಮ್‌ಟ್ರಿಸಿಟಬಿನ್ ಕೂಡಿದ ಗುಳಿಗೆಯನ್ನು ಪಡೆದವರಿಗೆ ಸೋಂಕು ತಗುಲಿದುದು, ಔಷಧವಿಲ್ಲದ ಹುಸಿಗುಳಿಗೆ ಪಡೆದವರಿಗಿಂತ ನೂರಕ್ಕೆ 75ರಷ್ಟು ಕಡಿಮೆ. 2011ರಲ್ಲಿ ಈ ಫಲ ಕಂಡೊಡನೆ ಹುಸಿಗುಳಿಗೆ ಕೊಡುವುದನ್ನೇ ನಿಲ್ಲಿಸಿದರು. ಆ ದಂಪತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ಸೋಂಕಿದ್ದುದು ಹೆಂಡತಿಗೆ. ಗುಳಿಗೆ ಬೇಕಾದುದು ಗಂಡನಿಗೆ. (ಸೋಂಕು ಎಲ್ಲಿಂದ ಬಂತೆಂದು ಕೆದಕುವುದರಿಂದ ಔಷಧಕ್ಕೇನೂ ಬಲ ಬಾರದೆಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.)

ತೊಡಕಿರುವುದೆಲ್ಲ ಮನಸ್ಸಿನಲ್ಲಿ. ತಡೆಗುಳಿಗೆಯೂ ರೋಗಿಯ ಔಷಧದ ಜಾತಿಯದೇ. ಅದರ ಡಬ್ಬಿಯನ್ನು ಕಂಡ ನೆಂಟರು ‘ಇವರಿಗೂ ತಗುಲಿತು’ ಎಂದುಕೊಂಡಾರೆಂಬ ಅಂಜಿಕೆ ಒಂದು. ‘ನನ್ನಲ್ಲಿ ನಂಬಿಕೆಯಿಲ್ಲವೆ?’ ಎಂಬ ನೋವು ಇನ್ನೊಂದು. ಉಗಾಂಡಾದ ದಂಪತಿಗಳೊಡನೆ ಮಾತನಾಡಿ 2012ರಲ್ಲಿ ಬರೆದ ವಿದ್ವಾಂಸರು ಇದನ್ನೇ ವಿಚಾರಿಸಿದರು. ಒಬ್ಬರಿಗೆ ಸೋಂಕಿದೆಯೆಂದು ತಿಳಿದೊಡನೆ ಕೋಪ, ಭಯಗಳಿಂದ ಸಂಸಾರವೇ ಅಲುಗುತ್ತದೆ; ಆದರೂ ಮಕ್ಕಳಿಗಾಗಿ, ಪ್ರೀತಿಗಾಗಿ ಅಗಲಲು ಮನಸ್ಸಿಲ್ಲ. ಆ ಇಕ್ಕಟ್ಟಿನಲ್ಲಿ ಗುಳಿಗೆಯು ಅವಿಶ್ವಾಸದ ಗುರುತಾಗದೆ, ಕೂಡಿ ಬಾಳುವ ಉಪಾಯವಾಗಿ ಅವರಿಗೆ ತೋರಿತು. ಸೋಂಕಿರುವವರೇ ಹೊತ್ತಿಗೆ ಸರಿಯಾಗಿ ನೆನಪಿಸುತ್ತಿದ್ದರು. ಮನೆಯಲ್ಲಿ ಜಗಳವಾದಾಗ ಮಾತ್ರ ಗುಳಿಗೆಯೂ ತಪ್ಪುತ್ತಿತ್ತು!

ಆದುದರಿಂದ ಒಬ್ಬರನ್ನೇ ಒಳಗೆ ಕರೆದು ಚೀಟಿ ಬರೆದುಕೊಡುವ ವೈದ್ಯರ ಪದ್ಧತಿ ನಮಗೆ ಒಪ್ಪಿಗೆಯಿಲ್ಲ. ಇಬ್ಬರೂ ಒಪ್ಪುವುದಾದರೆ ಒಟ್ಟಿಗೆ ಕೂರಿಸಿಕೊಂಡು ಹೇಳುವುದೇ ಮೇಲು.

ಇದು ಜೀವಾವಧಿಯ ಸೇವನೆಯಾಗಬೇಕೆಂದೂ ಇಲ್ಲ. ಸೋಂಕಿರುವವರು ತಮ್ಮ ಔಷಧವನ್ನು ತಪ್ಪದೆ ಸೇವಿಸಿ, ರಕ್ತದಲ್ಲಿ ವೈರಸ್ ಪರೀಕ್ಷೆಗೆ ಸಿಕ್ಕದಷ್ಟು ತಗ್ಗಿ ಹಾಗೆಯೇ ಉಳಿದರೆ, ದಾಂಪತ್ಯಸುಖದಿಂದ ಅದು ಹರಡುವುದಿಲ್ಲವೆಂಬುದು ಈಗ ನಿಶ್ಚಿತ. ಅಲ್ಲಿಯವರೆಗೆ ನಿರೋಗಿಯ ಗುಳಿಗೆ ಹೊಳೆದಾಟುವ ಸಂಕವಿದ್ದಂತೆ. ಅದೇ ಎರಡು ದೇಶಗಳ ಮುಂದಿನ ಯೋಜನೆಯೊಂದರಲ್ಲಿ, ಸಂಗಾತಿ ಔಷಧ ಆರಂಭಿಸಿ ಆರು ತಿಂಗಳಾಗುವವರೆಗೆ ಇದನ್ನು ಕೊಡುತ್ತಿದ್ದರು. ನಿರೋಗಿಗೆ ಸೋಂಕಿಲ್ಲವೆಂಬುದನ್ನು ಮೊದಲು ಪರೀಕ್ಷಿಸಿಯೇ ಆರಂಭಿಸಬೇಕು; ಆಮೇಲೆ ಮೂರು ತಿಂಗಳಿಗೊಮ್ಮೆ ಮತ್ತೆ ರಕ್ತಪರೀಕ್ಷೆ. ಆ ದಿನಗಳಂದು ಇಬ್ಬರೂ ಜೊತೆಯಾಗಿ ಹೋಗಿಬರಲಿ.