ಸೊಪ್ಪೆ ಕಸವಲ್ಲ

‘ಕೃಷಿ ತ್ಯಾಜ್ಯ’ ಎಂಬ ಮಾತು ಕೊಟ್ಟೂರು ಸೀಮೆಯ ಹೊಲಗಳಲ್ಲಿ ಹುಟ್ಟಿದ್ದಲ್ಲ. ಅಲ್ಲಿರುವುದು ಜೋಳದ ಸೊಪ್ಪೆ, ಶೇಂಗಾ ಹೊಟ್ಟು, ತೊಗರಿ ಕಟ್ಟಿಗೆ, ಮೆಕ್ಕೆಜೋಳದ ಬೆಂಡು. ಒಂದೊಂದಕ್ಕೂ ಒಂದು ಹೆಸರು, ಒಂದು ಕೆಲಸ. ಸೊಪ್ಪೆ ಬಣವೆಯಾಗಿ ಬೇಸಿಗೆ ದಾಟಿಸುತ್ತದೆ, ಹೊಟ್ಟು ಎತ್ತಿನ ಗೋದಲಿಗೆ, ತೊಗರಿ ಕಟ್ಟಿಗೆ ಒಲೆಗೆ. ಇವೆಲ್ಲವನ್ನೂ ‘ತ್ಯಾಜ್ಯ’ ಎಂಬ ಒಂದೇ ಚೀಲಕ್ಕೆ ತುಂಬಿ ತೂಗುವುದು ಯೋಜನಾ ವರದಿಗಳು. ತ್ಯಾಜ್ಯವೆಂದರೆ ಬಿಡತಕ್ಕದ್ದು. ಬಿಟ್ಟವರು ಯಾರೆಂದು ಯಾವ ವರದಿಯೂ ಕೇಳುವುದಿಲ್ಲ.

ಕಲ್ಲಿದ್ದಲಿನ ಬದಲು ಬಾಯ್ಲರಿಗೆ ಬಯೋಮಾಸ್ ಹಾಕಿ, ಅದು ನವೀಕರಿಸಬಹುದಾದ ಇಂಧನ ಎನ್ನುತ್ತಾರೆ. ಬೆಳೆಯುವಾಗ ಗಿಡ ಹೀರಿದ ಇಂಗಾಲವೇ ಸುಟ್ಟಾಗ ಹೊರಬರುತ್ತದೆ, ಮುಂದಿನ ಬೆಳೆ ಅದನ್ನು ಮತ್ತೆ ಹೀರುತ್ತದೆ ಎಂಬುದು ಲೆಕ್ಕ. ಈ ಲೆಕ್ಕ ಸುಳ್ಳಲ್ಲ, ಆದರೆ ಅರ್ಧ. ಇಂಗಾಲ ಗಾಳಿಯಿಂದ ಬರುತ್ತದೆ, ಪೊಟ್ಯಾಷ್ ಬರುವುದು ಮಣ್ಣಿನಿಂದ. ಸೊಪ್ಪೆ ಸುಟ್ಟರೆ ಅದರ ಸಾರಜನಕ ಚಿಮಣಿಯಲ್ಲಿ ಹೋಗುತ್ತದೆ, ಪೊಟ್ಯಾಷ್ ದೂರದ ಕಾರ್ಖಾನೆಯ ಬೂದಿಗುಡ್ಡೆ ಸೇರುತ್ತದೆ. ಭಾರತ ತನಗೆ ಬೇಕಾದ ಪೊಟ್ಯಾಷನ್ನು ಬಹುಪಾಲು ಆಮದು ಮಾಡಿಕೊಳ್ಳುವ ದೇಶ. ಹೊಲದ್ದನ್ನು ಸುಟ್ಟು, ಹಡಗಿನಲ್ಲಿ ಬಂದದ್ದನ್ನು ಚೀಲದ ಲೆಕ್ಕದಲ್ಲಿ ಕೊಳ್ಳುವುದಕ್ಕೆ ನವೀಕರಣ ಎನ್ನಬೇಕೆ?

ಬಾಯ್ಲರಿಗಾದರೂ ಸೊಪ್ಪೆ ಹಿತವೇ? ಅದೂ ಇಲ್ಲ. ಸೊಪ್ಪೆ, ಹುಲ್ಲುಗಳಲ್ಲಿರುವ ಪೊಟ್ಯಾಷ್ ಮತ್ತು ಕ್ಲೋರಿನ್‌ನಿಂದ ಬೂದಿ ಬೇಗ ಕರಗಿ ಕೊಳವೆಗಳಿಗೆ ಅಂಟುತ್ತದೆ, ಲೋಹವನ್ನು ತಿನ್ನುತ್ತದೆ. ಮಣ್ಣಿಗೆ ಬೇಕಾದದ್ದೇ ಬಾಯ್ಲರಿಗೆ ಬೇಡವಾದದ್ದು.

ಇನ್ನು ಪ್ರಮಾಣ. ಕಲ್ಲಿದ್ದಲು ಸ್ಥಾವರಗಳು ಶೇ. 5ರಷ್ಟು ಬಯೋಮಾಸ್ ಬೆರೆಸಬೇಕೆಂದು ಕೇಂದ್ರ ವಿದ್ಯುತ್ ಸಚಿವಾಲಯ 2021ರ ಅಕ್ಟೋಬರ್‌ನಲ್ಲಿ ನೀತಿ ಹೊರಡಿಸಿತು. ನಮಗೆ ಹತ್ತಿರದ ದೊಡ್ಡ ಸ್ಥಾವರ ಕುಡತಿನಿಯದು, 1,700 ಮೆಗಾವ್ಯಾಟ್. ಯೂನಿಟ್ಟಿಗೆ ಸುಮಾರು 0.65 ಕೆಜಿ ಕಲ್ಲಿದ್ದಲು ಎಂದಿಟ್ಟುಕೊಂಡರೆ, ಪೂರ್ತಿ ಓಡಿದ ದಿನ 26,000 ಟನ್ನಿಗೂ ಹೆಚ್ಚು ಬೇಕು. ಅದರ ಶೇ. 5 ಅಂದರೆ ಸುಮಾರು 1,300 ಟನ್. ಹತ್ತು ಟನ್ನಿನ 130 ಲಾರಿ, ದಿನಾ. ಪಂಜಾಬ್, ಹರಿಯಾಣಗಳಲ್ಲಿ ಭತ್ತದ ಕೂಳೆಗೆ ಬೆಂಕಿ ಇಡುತ್ತಾರೆ, ಅಲ್ಲಿಯ ಹೊಗೆಗೆ ಇದು ಮದ್ದಾದೀತು. ಮಳೆ ನಂಬಿದ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳಿಗೆ ಅದೇ ಮದ್ದು ಕುಡಿಸಿದರೆ ರೋಗವಿಲ್ಲದವನಿಗೆ ರೋಗ ಬರುತ್ತದೆ.

ರೈತನಿಗೆ ನಾಲ್ಕು ಕಾಸು ಸಿಗುತ್ತದಲ್ಲ ಎನ್ನುವವರಿದ್ದಾರೆ. ಹೊಲ ಇದ್ದವನಿಗೆ ಸಿಕ್ಕೀತು. ಹೊಲವಿಲ್ಲದೆ ಒಂದು ಎಮ್ಮೆ, ಎರಡು ಆಡು ಕಟ್ಟಿಕೊಂಡವಳು ಕೊಯ್ಲಾದ ಹೊಲದಲ್ಲಿ ಮೇಯಿಸಿ ಬದುಕುತ್ತಾಳೆ. ಸೊಪ್ಪೆಗೆ ಕಾರ್ಖಾನೆ ದರ ಕಟ್ಟಿದ ದಿನ ಅವಳಿಗೆ ಬೇಲಿ ಬೀಳುತ್ತದೆ. ಬರಗಾಲದಲ್ಲಿ ಸರ್ಕಾರವೇ ಮೇವು ಬ್ಯಾಂಕ್ ತೆರೆಯುವ ನಾಡಿದು. ಒಂದು ಕೈಯಲ್ಲಿ ಮೇವು ಹಂಚಿ, ಇನ್ನೊಂದು ಕೈಯಲ್ಲಿ ಮೇವು ಸುಡಲು ಪ್ರೋತ್ಸಾಹ ಕೊಡುವುದು ಯಾವ ಜಾಣತನ?

ಹಾಗಾದರೆ ಬಯೋಮಾಸ್ ಬೇಡವೇ? ಬೇಕು. ಗಂಗಾವತಿ ಕಡೆಯ ಅಕ್ಕಿ ಗಿರಣಿಗಳನ್ನು ನೋಡಿ. ಭತ್ತದ ತೂಕದಲ್ಲಿ ಐದರಲ್ಲೊಂದು ಪಾಲು ಹೊಟ್ಟು. ಕುಸುಬಲಕ್ಕಿಗೆ ಬೇಕಾದ ಹಬೆಯನ್ನು ಆ ಹೊಟ್ಟಿನಿಂದಲೇ ಎಬ್ಬಿಸುತ್ತಾರೆ. ಇಂಧನವೂ ಬಾಯ್ಲರೂ ಒಂದೇ ಅಂಗಳದಲ್ಲಿ, ಯಾರ ಗೋದಲಿಯೂ ಖಾಲಿಯಾಗುವುದಿಲ್ಲ. ನಮ್ಮಲ್ಲಿ ಶೇಂಗಾ ಸಿಪ್ಪೆಯಿದೆ, ಬೆಂಡಿದೆ. ಎಲ್ಲಕ್ಕಿಂತ ಹೆಚ್ಚಾಗಿ ಬಳ್ಳಾರಿ ಜಾಲಿಯಿದೆ. 19ನೇ ಶತಮಾನದಲ್ಲಿ ಅಮೆರಿಕ ಖಂಡದಿಂದ ಬಂದು, ಬಳ್ಳಾರಿಯ ಹೆಸರನ್ನೇ ಹೊತ್ತು, ಕೆರೆಯಂಗಳ, ಗೋಮಾಳಗಳನ್ನು ನುಂಗಿದ ಗಿಡ. ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಇದಕ್ಕಿಂತ ನವೀಕರಿಸಬಹುದಾದದ್ದು ಇನ್ನೇನಿದೆ? ಗ್ರಾಮ ಪಂಚಾಯಿತಿಗಳು ಊರವರ ಉರುವಲಿನ ಪಾಲು ಬಿಟ್ಟು ಉಳಿದದ್ದನ್ನು ಕೂಲಿ ಕೊಟ್ಟು ಕಡಿಸಲಿ, ಮಾರಲಿ. ಕೆರೆಯೂ ತೆರವಾದೀತು.

ಸರದಿ ಇಷ್ಟೇ: ಮೊದಲು ದನಕ್ಕೆ, ಆಮೇಲೆ ಮಣ್ಣಿಗೆ, ಆಮೇಲೆ ಒಲೆಗೆ. ಉಳಿದರೆ ಬಾಯ್ಲರಿಗೆ, ಅದೂ ಬೂದಿಯನ್ನು ಹೊಲಕ್ಕೆ ಮರಳಿಸುವ ಕರಾರಿನ ಮೇಲೆ. ಈ ಸರದಿ ತಪ್ಪಿಸಿ ಸುಟ್ಟದ್ದು ಕಲ್ಲಿದ್ದಲಿನಷ್ಟೇ ಕಪ್ಪು, ಹೆಸರಿಗೆ ಮಾತ್ರ ಹಸಿರು.