ನುಡಿಯಲ್ಲೇ ಕಳಿಸಿ ಎನ್ನುವವರಿಗೆ

ಪುಸ್ತಕ ಅಚ್ಚು ಮಾಡಿಸುವ ಆಸೆಯಿಂದ ಬೆಂಗಳೂರು, ಮೈಸೂರು ಕಡೆಯ ಪ್ರಕಾಶಕರಿಗೆ ಒಮ್ಮೆ ಫೋನು ಮಾಡಿ ನೋಡಿ. ಪುಸ್ತಕ ಯಾವುದರ ಬಗ್ಗೆ ಎಂದು ಕೇಳುವುದು ಆಮೇಲೆ. ಮೊದಲ ಮಾತು, "ಸಾಫ್ಟ್ ಕಾಪಿ ಇದೆಯಾ? ನುಡಿಯಲ್ಲಿ ಟೈಪ್ ಮಾಡಿಸಿ ಮೇಲ್ ಹಾಕಿ." ಎಲ್ಲರೂ ಹಾಗಲ್ಲ, ಆದರೆ ಹಲವರು ಹಾಗೆ. ಕಾಸರಗೋಡಿನ ಹಳ್ಳಿಯಲ್ಲಿ ಕೂತು ಕನ್ನಡ ಬರೆಯುವ ನಮ್ಮಂಥವರಿಗೆ ಇದು ಅನ್ಯಾಯದ ಶರತ್ತು. ನಾವು ಅದಕ್ಕೆ ಒಪ್ಪಬಾರದು.

ನುಡಿ ತಂತ್ರಾಂಶದ ಮೇಲೆ ನನಗೆ ಕೋಪ ಇಲ್ಲ. ಕನ್ನಡ ಗಣಕ ಪರಿಷತ್ತಿನವರು ಅದನ್ನು ಮಾಡಿ ಕೊಟ್ಟದ್ದರಿಂದ ಎಷ್ಟೋ ಜನ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವಂತಾಯಿತು. ಅದರ ಕೀಲಿಮಣೆಯ ಹಿಂದೆ ಇರುವುದು ನಮ್ಮ ಕರಾವಳಿಯವರೇ ಆದ ಕೆ. ಪಿ. ರಾವ್ ಅವರ ಬುದ್ಧಿ. ಈಚಿನ ನುಡಿಯಲ್ಲಿ ಯೂನಿಕೋಡ್ ಸಹ ಉಂಟು. ಪ್ರಕಾಶಕರು ಕೇಳುವುದು ಅದನ್ನಲ್ಲ, ಹಳೆಯ ಬಗೆಯ ಫಾಂಟಿನ ಕಡತವನ್ನು. ಆ ಕಡತದ ಒಳಗೆ ಕನ್ನಡವೇ ಇಲ್ಲ ಮಾರಾಯ್ರೆ! ಇರುವುದು ಇಂಗ್ಲಿಷಿನ ಅಕ್ಷರಗಳು, ಚಿಹ್ನೆಗಳು. ಫಾಂಟು ಅವಕ್ಕೆ ಕನ್ನಡದ ವೇಷ ಕಟ್ಟುತ್ತದೆ. ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಚೌಕಿಯಲ್ಲಿ ಬಣ್ಣ ತೆಗೆದ ಹಾಗೆ: ಕನ್ನಡ ಎಂದು ಬರೆದಲ್ಲಿ 'ಕ'ದ ಜಾಗದಲ್ಲಿ ಇಂಗ್ಲಿಷ್ ಪಿ, 'ನ'ದ ಜಾಗದಲ್ಲಿ ಪೌಂಡಿನ ಗುರುತು, 'ಡ'ದ ಜಾಗದಲ್ಲಿ ಕ್ಯೂ.

ಯೂನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. 1991ರ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ನಿಮ್ಮ ಮೊಬೈಲಿನಲ್ಲಿ ವಾಟ್ಸಾಪಿಗೆ ಬರೆಯುತ್ತೀರಲ್ಲ, ಅದೇ.

ಇನ್ನು ನಮ್ಮ ಕಷ್ಟ ನೋಡಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ ಅಲ್ಲ, ಕೈಟ್ ಸಂಸ್ಥೆಯವರು ಕೊಡುವ ಲಿನಕ್ಸ್. ಪ್ರಕಾಶಕರು ಹೇಳುವ ನುಡಿ ವಿಂಡೋಸಿಗೆ ಮಾಡಿದ್ದು. ಹಾಗಾಗಿ ಇಲ್ಲಿಯ ಕನ್ನಡ ಮಾಧ್ಯಮದ ಟೀಚರುಗಳು ಪ್ರಶ್ನೆಪತ್ರಿಕೆ ಮಾಡುವುದು ಯೂನಿಕೋಡಿನಲ್ಲಿ, ಮಕ್ಕಳು ಕಲಿಯುವುದೂ ಅದರಲ್ಲೇ. ಪೇಟೆಗೆ ಹೋದರೆ ಡಿಟಿಪಿ ಅಂಗಡಿಯವನಿಗೆ ಮಲಯಾಳ ಟೈಪಿಂಗ್ ಸಲೀಸು, ಕನ್ನಡಕ್ಕೆ ಮಂಗಳೂರಿಗೆ ಹೋಗಿ ಎನ್ನುತ್ತಾನೆ. ಹಿಂದೆ ಅಚ್ಚುಮೊಳೆ ಜೋಡಿಸುವ ಕೂಲಿ ಮುದ್ರಣಾಲಯದ ಖರ್ಚಾಗಿತ್ತು. ಈಗ ಅದು ಬರೆಯುವವನ ಹೆಗಲಿಗೆ ಬಂತು. ಬಸ್ಸಿನ ಟಿಕೇಟು ಬೇರೆ!

ನಮ್ಮ ಸುತ್ತಿನ ಊರು, ಬೈಲು, ಗುಡ್ಡೆಗಳ ಹೆಸರು ಕೂಡಿಸಿ ನಾನು ಒಂದು ಪುಸ್ತಕ ಬರೆದಿದ್ದೇನೆ. ಪೂರ್ತಿ ಮೊಬೈಲಿನಲ್ಲೇ ಬರೆದದ್ದು. ಪ್ರತಿ ಹೆಸರಿನ ಪಕ್ಕ, ಈಗ ಬೋರ್ಡಿನಲ್ಲಿ ಬರುವ ರೂಪವನ್ನು ಮಲಯಾಳ ಲಿಪಿಯಲ್ಲೇ ಕೊಟ್ಟಿದ್ದೇನೆ. ಮಂಜೇಶ್ವರ ಮಂಜೇಶ್ವರಂ ಆದದ್ದು, ಕುಂಬಳೆ ಕುಂಬಳ ಆದದ್ದು ಹಾಗೆ ಎದುರೆದುರು ಇಟ್ಟರೆ ತಾನೇ ಕಣ್ಣಿಗೆ ಬೀಳುವುದು? ಒಬ್ಬ ಪ್ರಕಾಶಕರು ಇದನ್ನು ನುಡಿಗೆ ಬದಲಾಯಿಸಿ ಕಳಿಸಿ ಎಂದರು. ಬದಲಾಯಿಸಿ ನೋಡಿದೆ. ಆ ಫಾಂಟಿನಲ್ಲಿ ಮಲಯಾಳಕ್ಕೆ ಜಾಗವೇ ಇಲ್ಲ. ಹೆಸರು ಇದ್ದಲ್ಲೆಲ್ಲ ಚೌಕ ಚೌಕ. ಕೆಲವು ಕಡೆ ಒತ್ತಕ್ಷರ ಪಕ್ಕದ ಅಕ್ಷರಕ್ಕೆ ಹೋಗಿ ಕೂತಿತ್ತು. ಕತೆ ಕಾದಂಬರಿಯಾದರೆ ಓದುವವರು ಅಂದಾಜು ಮಾಡಿಯಾರು. ಊರಿನ ಹೆಸರಿನ ಪುಸ್ತಕದಲ್ಲಿ ಒಂದು ಏತ್ವ ಹಾರಿಹೋದರೆ ನಾನು ಬರೆದದ್ದು ಎಂತಕ್ಕೆ?

"ನಮ್ಮ ಹುಡುಗರಿಗೆ ಪೇಜ್‌ಮೇಕರೇ ಬರುವುದು, ಅದರಲ್ಲಿ ಯೂನಿಕೋಡ್ ನಡೆಯುವುದಿಲ್ಲ" ಎಂಬುದು ಅವರ ಉತ್ತರ. ಮಾತು ನಿಜ. ಪೇಜ್‌ಮೇಕರಿನ ಕಡೆಯ ಆವೃತ್ತಿ ಬಂದದ್ದು 2001ರಲ್ಲಿ. ಮಾಡಿದ ಕಂಪೆನಿಯೇ ಅದನ್ನು ಬಿಟ್ಟು ಇನ್‌ಡಿಸೈನಿಗೆ ಹೋಯಿತು. ಈಗಿನ ಇನ್‌ಡಿಸೈನಿನಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರುತ್ತದೆ. ಅದಕ್ಕೆ ದುಡ್ಡು ಕೊಡಲಿಕ್ಕೆ ಸಣ್ಣ ಪ್ರಕಾಶಕರಿಗೆ ಕಷ್ಟ, ಒಪ್ಪುತ್ತೇನೆ. ಆದರೆ ಬಿಟ್ಟಿಯಾಗಿ ಸಿಗುವ ಲಿಬ್ರೆ ಆಫೀಸಿನಲ್ಲೇ ಸಾಧಾರಣ ಪುಸ್ತಕದ ಪುಟ ಕಟ್ಟಬಹುದಲ್ಲ! ಅದೂ ಆಗದಿದ್ದರೆ, ಬದಲಾಯಿಸುವ ಕೆಲಸ ಅವರ ಆಫೀಸಿನಲ್ಲೇ ಆಗಲಿ, ಕರಡು ನಮಗೆ ಬರಲಿ. ಗಡಿನಾಡಿನ ಕನ್ನಡ ಉಳಿಯಬೇಕೆಂದು ನವೆಂಬರಿನಲ್ಲಿ ಇಲ್ಲಿಗೆ ಬಂದು ಭಾಷಣ ಮಾಡುವವರು ಇಷ್ಟಾದರೂ ಮಾಡಬೇಡವೇ?

ನಮ್ಮವರಿಗೂ ಒಂದು ಮಾತು. ಇನ್ನು ಪುಸ್ತಕ ಕಳಿಸುವವರು ಯೂನಿಕೋಡ್ ಕಡತ ಒಂದು, ಅದನ್ನೇ ಪಿಡಿಎಫ್ ಮಾಡಿ ಒಂದು, ಒಟ್ಟಿಗೆ ಕಳಿಸಿ. ಪಿಡಿಎಫ್ ಮಾತ್ರ ಸಾಲದು, ತಿದ್ದಲಿಕ್ಕೆ ಆಗುವುದಿಲ್ಲ. ಆದರೆ ಅಕ್ಷರ ಎಲ್ಲಿ ತಪ್ಪಿತು ಎಂದು ತಾಳೆ ನೋಡಲಿಕ್ಕೆ ಅದು ಬೇಕು. ಎಲ್ಲ ಅಧ್ಯಾಯ ಒಂದೇ ಕಡತದಲ್ಲಿ ಇರಲಿ. ಕೈಬರಹದಲ್ಲೇ ಬರೆಯುವ ಹಿರಿಯರು ಮನೆಯ ಮಕ್ಕಳನ್ನು ಕೂರಿಸಿ ಹೇಳಿ ಬರೆಸಿ, ಅವರಿಗೆ ಕನ್ನಡ ಟೈಪಿಂಗ್ ಶಾಲೆಯಲ್ಲೇ ಬಂದಿರುತ್ತದೆ. ಟೀಚರುಗಳು ಸ್ವಲ್ಪ ಕೈಜೋಡಿಸಿದರೆ ಈ ಮಳೆಗಾಲದಲ್ಲೇ ನಮ್ಮ ಊರಿನ ಎರಡು ಮೂರು ಹಸ್ತಪ್ರತಿ ಕಡತವಾದೀತು.

ನನ್ನದನ್ನು ನುಡಿಗೆ ಬದಲಾಯಿಸುವುದಿಲ್ಲ ಎಂದು ಆ ಪ್ರಕಾಶಕರಿಗೆ ಬರೆದಾಯಿತು. ಉತ್ತರ ಇನ್ನೂ ಬಂದಿಲ್ಲ.